ಅಪ್ಪ ಚಿತ್ರದಲ್ಲೇ ಇಲ್ಲ

ರಾಜಾ ರವಿವರ್ಮ 1893ರಲ್ಲಿ ಬರೆದ 'ದೇರ್ ಕಮ್ಸ್ ಪಾಪಾ' (ಅಗೋ, ಅಪ್ಪ ಬಂದರು) ಚಿತ್ರ ನನಗೆ ತುಂಬಾ ಇಷ್ಟ. ಅವರ ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ, ಪಕ್ಕದಲ್ಲಿ ನಾಯಿ. ಬರುತ್ತಿರುವ ಮಗುವಿನ ಅಪ್ಪ ಮಾತ್ರ ಚಿತ್ರದಲ್ಲೇ ಇಲ್ಲ! ತಾಯಿಯ ನೋಟ ಚೌಕಟ್ಟಿನ ಆಚೆಗೆ ಹೋಗಿರುವುದರಿಂದಲೇ ಅವನು ಬಂದ ಅಂತ ನಮಗೆ ಗೊತ್ತಾಗುತ್ತದೆ, ಅವಳು ಅವನಿಗಾಗಿ ಎಷ್ಟು ಕಾಯುತ್ತಿದ್ದಳು ಅನ್ನೋದೂ.

ತುಮಕೂರಿನ ನಮ್ಮ ಮನೆಯಲ್ಲಿ ತಾತನ ತೈಲಚಿತ್ರ ಇದೆ. ಹಿಂದೆ ಕೆಂಪು ಪರದೆ, ಪಕ್ಕದಲ್ಲಿ ಹೂದಾನಿ, ನೋಟ ನೇರ ನಮ್ಮ ಕಡೆಗೆ. ಮುಖ ತಾತನದೇ, ಮನುಷ್ಯ ಬೇರೆ. ನಮ್ಮ ತಾತ ತೆಂಗಿನ ತೋಟದಲ್ಲಿ ನಿಂತು, ನಮ್ಮ ಜೊತೆ ಮಾತಾಡುವಾಗಲೂ ಕತ್ತೆತ್ತಿ ಗೊನೆಯನ್ನೇ ನೋಡುತ್ತಿದ್ದವರು. ಹಿಂದೆ ಆ ತೋಟ ಇದ್ದು, ಕಣ್ಣು ಸ್ವಲ್ಪ ಮೇಲಕ್ಕಿದ್ದಿದ್ದರೆ ಸಾಕಿತ್ತು, ಅಲ್ವಾ? ಅಜ್ಜಿಯ ಚಿತ್ರ ಬರೆಯುವವರಿಗೆ ಮೊದಲೇ ಹೇಳಿದ್ದೇನೆ: ಪರದೆ ಬೇಡ, ಅಡುಗೆಮನೆ ಕಿಟಕಿ ಇರಲಿ.