ಮಾತಿನ ಮಧ್ಯೆ ಹಾಡೋಕೆ ಶುರು ಮಾಡಿದ್ರೆ ನಗು ಬರಲ್ವಾ?

‘ಗ್ಯಾಲವಂಟ್’ ಅನ್ನೋ ಇಂಗ್ಲಿಷ್ ಸೀರಿಯಲ್ ನೋಡಿ ಅಂತ ತುಮಕೂರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಐದು ನಿಮಿಷ ನೋಡಿ ಬಿಟ್ಟವರೆಲ್ಲ ಬಂದು ಕೇಳುವುದು ಒಂದೇ ಪ್ರಶ್ನೆ. “ಅಲ್ಲ ಕಣೋ, ಚೆನ್ನಾಗಿ ಮಾತಾಡ್ತಾ ಇದ್ದೋರು ಇದ್ದಕ್ಕಿದ್ದಂಗೆ ಹಾಡೋಕೆ ಶುರು ಮಾಡ್ತಾರಲ್ಲ, ಅದನ್ನ ಹೆಂಗೆ ಸಹಿಸ್ಕೋತೀಯ?”

ಬೇರೆ ಊರಿನವರು ಕೇಳಿದರೆ ಸರಿ. ನಮ್ಮ ಜಿಲ್ಲೆಯವರೇ ಕೇಳೋದಾ! ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಹೋದರೆ ಗುಬ್ಬಿ. 1884ರಲ್ಲಿ ಅಲ್ಲಿ ಶುರುವಾದ ನಾಟಕ ಕಂಪನಿ ಹಾಡನ್ನೇ ನಂಬಿಕೊಂಡು ಬೆಳೆದದ್ದು. ‘ಕುರುಕ್ಷೇತ್ರ’ ಆಡುವಾಗ ಸ್ಟೇಜಿನ ಮೇಲೆ ನಿಜವಾದ ಆನೆ ತಂದು ನಿಲ್ಲಿಸಿದವರು ಗುಬ್ಬಿ ವೀರಣ್ಣನವರು. ಅವರು ಜನರಿಗೆ ಮೆಚ್ಚುಗೆಯಾದದ್ದು ಹಾಸ್ಯ ಪಾತ್ರಗಳಲ್ಲಿ. ರಾಜ, ಯುದ್ಧ, ಹಾಡು, ಮಧ್ಯೆ ಹಾಸ್ಯ, ಎಲ್ಲ ಒಂದೇ ರಾತ್ರಿಯಲ್ಲಿ. ಇದನ್ನೆಲ್ಲ ಕಂಡ ಊರಿಗೆ ಗ್ಯಾಲವಂಟ್ ವಿಚಿತ್ರ ಅನ್ನಿಸಬಾರದು, ಅಲ್ವಾ?

ಈಗಲೂ ಜಾತ್ರೆ ಬಂದರೆ ಹಳ್ಳಿಗಳಲ್ಲಿ ನಾಟಕ ಇದ್ದೇ ಇರುತ್ತೆ. ಜಾಸ್ತಿ ದುಡ್ಡು ಹಾಕಿದವರಿಗೆ ದುರ್ಯೋಧನನ ಪಾತ್ರ. ವಸ್ತ್ರಾಪಹರಣದ ಸೀನು ನಡೀತಿರುತ್ತೆ. ದುರ್ಯೋಧನ ಗದೆ ಹೆಗಲಿಗೇರಿಸಿಕೊಂಡು ಒಂದು ಕಂದ ಎತ್ತುತ್ತಾನೆ, ಹಾರ್ಮೋನಿಯಂ ಮೇಷ್ಟ್ರು ಕಣ್ಣಲ್ಲೇ ಶ್ರುತಿ ತೋರಿಸ್ತಾರೆ, ಹಿಂದಿನ ಸಾಲಿಂದ ‘ಒನ್ಸ್ ಮೋರ್’ ಕೂಗು ಬೀಳುತ್ತೆ. ಇನ್ನೊಂದು ಸಲ ಹಾಡ್ತಾನೆ. ಅಷ್ಟರಲ್ಲಿ ಅವನ ಷಡ್ಡಕ ಮೆಟ್ಟಿಲು ಹತ್ತಿ ಬಂದು ನೂರರ ನೋಟನ್ನು ಎದೆಗೆ ಪಿನ್ನು ಹಾಕಿ ಚುಚ್ಚಿ, ಕೈ ಕುಲುಕಿ, ಫೋಟೊ ತೆಗೆಸಿಕೊಂಡು ಇಳೀತಾನೆ, ಮೈಕಿನಲ್ಲಿ ಅವನ ಹೆಸರೂ ಊರೂ ಬರುತ್ತೆ. ಇಷ್ಟೂ ಹೊತ್ತು ದುಶ್ಶಾಸನ ದ್ರೌಪದಿ ಸೀರೆ ಸೆರಗು ಹಿಡಿದುಕೊಂಡು ಸುಮ್ನೆ ನಿಂತಿರ್ತಾನೆ, ದ್ರೌಪದಿಯೂ ಆಕಳಿಸ್ತಾಳೆ. ಇದನ್ನು ಬೆಳಗಿನ ಜಾವದವರೆಗೆ ಕೂತು ನೋಡುವ ಜನಕ್ಕೆ ಒಬ್ಬ ಯೋಧ ಕುದುರೆ ಮೇಲೆ ಎರಡು ನಿಮಿಷ ಹಾಡಿದರೆ ತಡೆಯೋಕಾಗಲ್ಲವಂತೆ.

ಒಂದು ವ್ಯತ್ಯಾಸ ಮಾತ್ರ ಇದೆ, ಒಪ್ಪುತ್ತೇನೆ. ನಮ್ಮ ನಾಟಕದಲ್ಲಿ ಹಾಡು ಬಂತು ಅಂದರೆ ಕಥೆ ನಿಂತಿತು. ಗ್ಯಾಲವಂಟಿನಲ್ಲಿ ಕಥೆ ಓಡೋದೇ ಹಾಡಿನೊಳಗೆ. ಅದಕ್ಕೇ ಹಾಡು ಬಂದ ತಕ್ಷಣ ಫೋನ್ ನೋಡುವ ಅಭ್ಯಾಸ ಇರೋರಿಗೆ ಇದು ಅರ್ಥವೇ ಆಗಲ್ಲ.

ಕಥೆ ಗೊತ್ತಿಲ್ಲದವರಿಗೆ: ಗ್ಯಾಲವಂಟ್ ಒಬ್ಬ ವೀರ ಯೋಧ. ಅವನ ಪ್ರೇಯಸಿ ಮ್ಯಾಡಲೀನಾಳನ್ನು ರಾಜ ರಿಚರ್ಡ್ ಎತ್ತಿಕೊಂಡು ಹೋಗುತ್ತಾನೆ. ಗ್ಯಾಲವಂಟ್ ಅವರ ಮದುವೆ ಮಂಟಪಕ್ಕೇ ನುಗ್ಗಿ, ದೊಡ್ಡದಾಗಿ ಪ್ರೀತಿಯ ಭಾಷಣ ಮಾಡಿ, ಬಾ ಹೋಗೋಣ ಅಂದರೆ ಅವಳು ಸ್ವಲ್ಪ ಯೋಚಿಸಿ ಅರಮನೆ, ದುಡ್ಡು, ಹೆಸರು ಇವೇ ಸಾಕು ಅಂದುಬಿಡುತ್ತಾಳೆ. ವೀರ ಕುಡುಕನಾಗ್ತಾನೆ. ಆಮೇಲೆ ಇಸಬೆಲ್ಲಾ ಅನ್ನೋ ರಾಜಕುಮಾರಿ ಬಂದು ಅವನನ್ನು ಎಬ್ಬಿಸ್ತಾಳೆ, ಅದೂ ಒಂದು ಸುಳ್ಳು ಹೇಳಿ. ಮುಂದಿನದು ನೋಡಿ.

ಸಂಗೀತ ಆಲನ್ ಮೆಂಕೆನ್ ಅವರದು. ಡಿಸ್ನಿಯ ಕಾರ್ಟೂನ್ ಚಿತ್ರಗಳಿಗೆ ಎಂಟು ಆಸ್ಕರ್ ಗೆದ್ದ ಮನುಷ್ಯ. ಸಾಹಿತ್ಯ ಗ್ಲೆನ್ ಸ್ಲೇಟರ್, ಇಡೀ ಸರಣಿ ಕಟ್ಟಿದ್ದು ಡ್ಯಾನ್ ಫೋಗಲ್‌ಮನ್. ಮೆಂಕೆನ್ ತಮ್ಮ ಹಳೇ ಸಿಹಿ ರಾಗಗಳನ್ನೇ ಇಲ್ಲೂ ಕೊಡುತ್ತಾರೆ, ಸ್ಲೇಟರ್ ಅದರೊಳಗೆ ಎಡವಟ್ಟು ಮಾತು ತುಂಬುತ್ತಾರೆ. ಅರಮನೆಯ ಅಡುಗೆಯವನೂ ಕೆಲಸದ ಹುಡುಗಿಯೂ ಹಾಡುವ ಪ್ರೇಮಗೀತೆ ಕೇಳಿ. ರಾಗ ಕೇಳಿದರೆ ಕರಗಿ ಹೋಗಬೇಕು. ಪದ ಕೇಳಿದರೆ ಬರೀ ಬಡತನ, ರೋಗ, ಸಾವು. ನಾಯಕ ನಾಯಕಿ ಸೆರೆಯಲ್ಲಿದ್ದಾಗ ಹಾಡುವ ಯುಗಳ ಗೀತೆಯಲ್ಲೂ ಒಬ್ಬರನ್ನೊಬ್ಬರು ಹೊಗಳೋದೇ ಇಲ್ಲ, ನೀನೇನೂ ಅಷ್ಟು ಕೆಟ್ಟೋನಲ್ಲ ಬಿಡು ಅನ್ನೋ ಮಟ್ಟದಲ್ಲೇ ಪ್ರೀತಿ ನಿಲ್ಲುತ್ತೆ. ಇದೇ ಮಾತನ್ನು ಹಾಡದೆ ಬರೀ ಆಡಿದ್ದರೆ ಅಷ್ಟು ನಗು ಬರುತ್ತಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ನಗು ಬರುತ್ತೆ. ಬರಲಿ ಅಂತಲೇ ಹಾಡೋದು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ನಾಯಕ ಅಲ್ಲ, ಆ ರಾಜ ರಿಚರ್ಡ್. ಟಿಮಥಿ ಓಮಂಡ್‌ಸನ್ ಆ ಪಾತ್ರ ಮಾಡಿದ್ದಾರೆ. ಶುರುವಿನಲ್ಲಿ ಅವನೇ ಖಳನಾಯಕ, ಆದರೆ ಹೆಂಡತಿ ಮಾತು ಕೇಳಲ್ಲ, ಆಳುಗಳು ಹೆದರಲ್ಲ, ಪಾಪ. ಎರಡನೇ ಸೀಸನ್ನಿನಲ್ಲಿ ಅವನು ಒಂದು ಹಲ್ಲಿಜಾತಿಯ ಪ್ರಾಣಿಯನ್ನು ಡ್ರ್ಯಾಗನ್ ಮರಿ ಅಂತ ನಂಬಿ ಸಾಕುತ್ತಾನೆ. ಅದಕ್ಕೆ ಟ್ಯಾಡ್ ಕೂಪರ್ ಅಂತ ಹೆಸರು. ಎದುರಿಗೆ ಸಿಕ್ಕವರೆಲ್ಲ ಅದು ಹಲ್ಲಿ ಕಣಪ್ಪ ಅಂತಾರೆ. ಇವನು ಕೇಳಲ್ಲ, ಅದನ್ನು ಹೊತ್ತುಕೊಂಡೇ ತಿರುಗ್ತಾನೆ, ಅದರ ಜೊತೆ ಮಾತಾಡ್ತಾನೆ. ಅವನ ಬಂಟ ಗ್ಯಾರೆತ್ ಆಗಿ ವಿನ್ನಿ ಜೋನ್ಸ್ ಇದ್ದಾರೆ, ಮೈದಾನದಲ್ಲಿ ಒರಟಾಟಕ್ಕೆ ಹೆಸರಾಗಿದ್ದ ಇಂಗ್ಲೆಂಡಿನ ಹಳೇ ಫುಟ್‌ಬಾಲ್ ಆಟಗಾರ. ಆ ಗಡಸು ಮುಖ ಇಟ್ಟುಕೊಂಡೇ ಅವರೂ ಹಾಡ್ತಾರೆ.

ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ 2015ರ ಜನವರಿಯಲ್ಲಿ ಎಂಟು ಕಂತು, 2016ರ ಜನವರಿಯಲ್ಲಿ ಹತ್ತು ಕಂತು ಬಂದವು. ಅಷ್ಟೇ. ನೋಡೋರು ಕಮ್ಮಿ ಇದ್ದರು. ಎರಡನೇ ಸೀಸನ್ ಸಿಕ್ಕಿದ್ದು ಸೀರಿಯಲ್ ಮಾಡಿದವರಿಗೇ ಆಶ್ಚರ್ಯ, ಅದನ್ನೇ ಮೊದಲ ಹಾಡು ಮಾಡಿ ತಮ್ಮನ್ನು ತಾವೇ ಆಡಿಕೊಂಡಿದ್ದಾರೆ. ನನ್ನ ಪ್ರಕಾರ ಎರಡನೆಯದರಲ್ಲಿ ನಗು ಜಾಸ್ತಿ, ಆದರೆ ಪಾತ್ರಗಳೂ ಜಾಸ್ತಿಯಾಗಿ ಅಲ್ಲಲ್ಲಿ ನೂಕುನುಗ್ಗಲು ಅನ್ನಿಸುತ್ತೆ.

ಮಕ್ಕಳಿಗೆ ತೋರಿಸಬಹುದಾ ಅಂತಲೂ ಕೆಲವರು ಕೇಳ್ತಾರೆ. ಚಿಕ್ಕವರಿಗೆ ಬೇಡ, ಪೋಲಿ ಮಾತುಗಳಿವೆ. ದೊಡ್ಡವರು ನೋಡೋದಾದರೆ ಸಬ್‌ಟೈಟಲ್ ಹಾಕಿಕೊಳ್ಳಿ, ಹಾಡಿನ ಪದ ಬಹಳ ಬೇಗ ಓಡುತ್ತೆ. ಒಂದು ಕಂತು ಇಪ್ಪತ್ತು ನಿಮಿಷ ಚಿಲ್ಲರೆ. ಮೊದಲನೆಯದನ್ನು ಪೂರ್ತಿ ನೋಡಿ, ಐದು ನಿಮಿಷಕ್ಕೆ ಎದ್ದು ಬಂದು ನನ್ನ ಹತ್ತಿರ ಜಗಳ ತೆಗೀಬೇಡಿ.