ಆಹ್ವಾನ ಪತ್ರಿಕೆಯಲ್ಲಿ ಬಿಟ್ಟುಹೋದ ಹೆಸರು

ಏಪ್ರಿಲ್ 10ರಂದು ನಮ್ಮ ಶಾಲೆಯಲ್ಲಿ ಫಲಿತಾಂಶ ಓದಿ ಹೇಳಿ, ಪಾಲಕರ ಕೈಗೆ ಪ್ರಗತಿ ಪತ್ರ ಕೊಟ್ಟು, ಅದೇ ಪೆಂಡಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಬೀಳ್ಕೊಟ್ಟೆವು. ಮುಂಡರಗಿ ತಾಲೂಕಿನಲ್ಲಿ, ಕಪ್ಪತಗುಡ್ಡ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿರುವ ಈ ಊರಿನ ಹಿರಿಯರು ಇಂದಿಗೂ ಇದನ್ನು ‘ಕನ್ನಡ ಸಾಲಿ’ ಎಂದೇ ಕರೆಯುತ್ತಾರೆ. ಅವರಲ್ಲಿ ಕೆಲವರು ಏಳನೆಯ ತರಗತಿಯ ಕೊನೆಗೆ ಮುಲ್ಕಿ ಪರೀಕ್ಷೆ ಬರೆದವರು. ಈ ವರ್ಷ ಪ್ರಭಾರಿ ಮುಖ್ಯೋಪಾಧ್ಯಾಯನಾಗಿ ಆಹ್ವಾನ ಪತ್ರಿಕೆ ಬರೆದವನು ನಾನೇ ಆದ್ದರಿಂದ ಅದರಲ್ಲಿ ಆದ ತಪ್ಪೂ ನನ್ನದೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹೆಮ್ಮೆಪಡುವಂಥ ಸಂಗತಿಗಳು ಇಲ್ಲದಿಲ್ಲ. ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ನಮ್ಮ ಇಬ್ಬರು ಹೆಣ್ಣುಮಕ್ಕಳು ಆಯ್ಕೆಯಾದರು. ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಅವರ ಖಾತೆಗೆ ಬರುತ್ತದೆ. ಹೈಸ್ಕೂಲು ದೂರವೆಂದು ಮಗಳನ್ನು ಶಾಲೆ ಬಿಡಿಸಲು ನಿರ್ಧರಿಸಿದ್ದ ತಂದೆಯೊಬ್ಬರು ಈಗ ಬೆಳಗಿನ ಬಸ್ಸಿನ ವೇಳೆ ಕೇಳಿಕೊಂಡು ಬರುತ್ತಿದ್ದಾರೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ ನಿಜ, ಆದರೆ ಅದು ಊರಿಗೆ ಬರುವುದು ಅದರ ಮನಸ್ಸಿಗೆ ಬಂದ ಹೊತ್ತಿಗೆ. ಶಾಲಾಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಹಂತ ದಾಟಿದೆವು, ತಾಲೂಕಿನ ಹಂತದಲ್ಲಿ ನಿಂತೆವು.

ಕಷ್ಟದ ಮಾತು ಬೇರೆ. ಸುಗ್ಗಿ ಮುಗಿಯುತ್ತಿದ್ದಂತೆ ಗೋವಾಕ್ಕೂ ಮಂಗಳೂರಿಗೂ ಗಾರೆ ಕೆಲಸಕ್ಕೆ ಹೊರಡುವ ಕುಟುಂಬಗಳ ಜೊತೆಗೆ ಈ ವರ್ಷ ಹನ್ನೊಂದು ಮಕ್ಕಳು ಹೋದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು ಹಾಕುತ್ತ ಹೋಗುವುದು, ಯಾವ ಊರಿನ ಯಾವ ಕಟ್ಟಡದ ಮರಳಿನ ಗುಡ್ಡೆಯ ಮೇಲೆ ಅವರು ಆಡುತ್ತಿದ್ದಾರೋ ಎಂದು ಯೋಚಿಸುವುದು, ಇವೆರಡನ್ನೂ ಒಟ್ಟಿಗೆ ಮಾಡುವುದು ಅಭ್ಯಾಸವಾಗಿಬಿಟ್ಟಿದೆ. ಅತಿಥಿ ಶಿಕ್ಷಕರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಗಣಿತ ಕಲಿಸಿದ ಅಕ್ಕೋರು ಅಂದು ಮಕ್ಕಳಿಗೆ ಪೆನ್ನು ಹಂಚಿ ಹೋದರು. ಮೇ ಕೊನೆಗೆ ಶಾಲೆ ತೆರೆದಾಗ ಅವರೇ ಬರುತ್ತಾರೆಯೇ ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಬಿಸಿಯೂಟದ ಅಡುಗೆಯವರಿಗೆ ಅರವತ್ತು ತುಂಬಿದರೆ ಕೆಲಸ ಬಿಡಬೇಕೆಂಬ ನಿಯಮದಂತೆ ನಮ್ಮ ಅಡುಗೆಯ ಆಯಿಗೂ ಅದೇ ಕೊನೆಯ ದಿನ. ಆ ಪತ್ರವನ್ನು ಮಾರ್ಚ್‌ನಲ್ಲಿ ಅವರ ಕೈಗೆ ಕೊಟ್ಟವನು ನಾನೇ. ಆದರೂ ಸನ್ಮಾನಿತರ ಪಟ್ಟಿ ಬರೆಯುವಾಗ ಗಣ್ಯರು, ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಬೆಂಚು ಕೊಡಿಸಿದ ದಾನಿಗಳು ಎಲ್ಲರೂ ನೆನಪಾದರು, ಆಯಿಯೊಬ್ಬರು ನೆನಪಾಗಲಿಲ್ಲ.

2003ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ನಮ್ಮ ಭಾಗಕ್ಕೆ ಬಂದಾಗಿನಿಂದ ಈ ಒಲೆಯ ಮುಂದೆ ನಿಂತವರು ಅವರು. ಹುಬ್ಬಳ್ಳಿಯಲ್ಲಿ ದೊಡ್ಡ ಯಂತ್ರದ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬರುತ್ತದೆ. ಹಳ್ಳಿಯಲ್ಲಿ ಎಲ್ಲವೂ ಕೈಯಿಂದಲೇ ಆಗಬೇಕು. ಐದನೆಯ ತರಗತಿಯವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಅದರ ಮೇಲಿನವರಿಗೆ 150 ಗ್ರಾಂ. ಬೆಳಿಗ್ಗೆ ನಾನು ‘ಅರವತ್ತೆರಡು, ನಲವತ್ತೊಂದು’ ಎಂದು ಹಾಜರಿ ಹೇಳಿ 12 ಕಿಲೋ 350 ಗ್ರಾಂ ಎಂದು ಲೆಕ್ಕ ಹಾಕುವಷ್ಟರಲ್ಲಿ, ಅಕ್ಷರ ಬಾರದ ಅವರು ನೆಗ್ಗಿದ ಅಲ್ಯೂಮಿನಿಯಂ ಡಬ್ಬಿಯಿಂದ ಅಳೆದು ತೊಳೆಯಲು ಕೂತಿರುತ್ತಿದ್ದರು. ಒಮ್ಮೆ ಕುತೂಹಲಕ್ಕೆ ತೂಗಿ ನೋಡಿದೆ. ಒಂದು ಹಿಡಿಯಷ್ಟು ವ್ಯತ್ಯಾಸವಿತ್ತು. ವಾರಕ್ಕೆ ಆರು ದಿನ ಮೊಟ್ಟೆ ಶುರುವಾದ ಮೇಲೆ ಸುಲಿಯುವ ಕೆಲಸವೇ ಒಂದು ತಾಸಿನದಾಯಿತು. ಮೊಟ್ಟೆ ತಿನ್ನದ ಮನೆಯ ಮಕ್ಕಳಿಗೆ ಬಾಳೆಹಣ್ಣಿನ ಪಟ್ಟಿಯಿದೆ. ಆ ಪಟ್ಟಿಯಲ್ಲಿದ್ದೂ ಮೊಟ್ಟೆಯ ಸಾಲಿನಲ್ಲಿ ನಿಲ್ಲುವವರು ಯಾರೆಂದು ಆಯಿಗೆ ಗೊತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಅಂದು ಅನಿಸಿಕೆ ಹೇಳಲು ಎದ್ದ ಹುಡುಗಿಯೊಬ್ಬಳು, ಬರೆದುಕೊಂಡು ಬಂದಿದ್ದ ಚೀಟಿಯನ್ನು ಮಡಚಿ, ‘ಆಯೀನೂ ಇವತ್ತ ಹೊಂಟಾರ, ಅವರ ಹೆಸರ ಯಾಕ ಕರೀಲಿಲ್ಲ?’ ಎಂದು ಮೈಕಿನಲ್ಲೇ ಕೇಳಿದಳು. ಅಡುಗೆಮನೆಯಲ್ಲಿ ಅವರು ಗೋಧಿ ಹುಗ್ಗಿಗೆ ಬೆಲ್ಲ ಹಾಕಿ ತಿರುವುತ್ತಿದ್ದರು, ಅಂದರೆ ತಮ್ಮ ಬೀಳ್ಕೊಡುಗೆಯ ಊಟವನ್ನು ತಾವೇ ಬೇಯಿಸುತ್ತಿದ್ದರು. ಮಕ್ಕಳು ಓಡಿಹೋಗಿ ಕರೆತಂದಾಗ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ವೇದಿಕೆಯ ಅಂಚಿನಲ್ಲಿ ನಿಂತರು. ಎಣಿಸಿ ತಂದಿದ್ದ ಶಾಲುಗಳು ಅಷ್ಟರಲ್ಲಿ ಮುಗಿದಿದ್ದವು. ನಾನು ತಡವರಿಸಿದ್ದನ್ನು ಕಂಡು, ‘ನನಗ್ಯಾಕ್ರಿ ಸರ ಶಾಲು, ನಾ ಏನ್ ಸಾಲಿ ಕಲ್ಸೀನೇನ್ರಿ? ಹುಗ್ಗಿ ತಳ ಹಿಡಿತೈತಿ, ಹೋಗ್ತೀನಿ’ ಎಂದು ಇಳಿದುಬಿಟ್ಟರು. ಮಕ್ಕಳ ಚಪ್ಪಾಳೆ ಅವರು ಒಲೆ ಮುಟ್ಟುವವರೆಗೂ ನಿಲ್ಲಲಿಲ್ಲ. ಮುಖ್ಯ ಅತಿಥಿಗಳು ಅದನ್ನು ತಮಗೆಂದುಕೊಂಡು ಒಮ್ಮೆ ಕೈ ಮುಗಿದರು.

ಮರುದಿನ ಮುಂಡರಗಿಯಿಂದ ಶಾಲು, ಇಳಕಲ್ ಸೀರೆ ತಂದು ಅವರ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಅರ್ಧಕ್ಕೇ ತಡೆದು ಚಹಾ ಕೊಟ್ಟರು. ಸೀರೆಯನ್ನು ಮುಟ್ಟಿ ನೋಡಿ ಗೂಡಿನಲ್ಲಿಟ್ಟು, ಸೊಂಟದ ಚೀಲದಿಂದ ಉಗ್ರಾಣದ ಕೀಲಿ ತೆಗೆದು ನನ್ನ ಕೈಗಿಟ್ಟರು. ಎಣ್ಣೆ ಡಬ್ಬಿಯ ಮುಚ್ಚಳ ಸಡಿಲಾಗಿದೆ, ಇಲಿ ಬೀಳದಂತೆ ಮೇಲೆ ಕಲ್ಲಿಡಿಸಬೇಕು ಎಂದರು. ನಾನು ಎದ್ದು ಬಾಗಿಲು ದಾಟುವಾಗ ಮತ್ತೆ ಕರೆದರು.

‘ಸಾಲಿ ಚಾಲೂ ಆದಾಗ ಹೊಸಾಕಿಗೆ ಹೇಳ್ರಿ ಸರ. ಗೋವಾದಿಂದ ಬಂದ ಹುಡುಗ್ರು ಮೊದಲ ಎರಡ ದಿನ ಬಾಳ ಉಣ್ತಾವ. ಹಾಜರಿ ನೋಡಿ ಅಕ್ಕಿ ಹಾಕಿದ್ರ ಸಾಲಂಗಿಲ್ಲ.’