ಬಫಲೋದ ಕಾಂಕ್ರೀಟ್ ಕಣಜಗಳು

ನ್ಯೂಯಾರ್ಕ್ ರಾಜ್ಯದ ಬಫಲೋ ಕಡೆ ಬರುವವರು ಸಾಮಾನ್ಯವಾಗಿ ನಯಾಗರಾ ನೋಡಿಕೊಂಡು ಹೊರಟುಬಿಡುತ್ತಾರೆ. ನಾವು ಬಫಲೋ ನದಿಗೂ ಹೊತ್ತು ಇಟ್ಟುಕೊಂಡೆವು.

ದೋಣಿ ಮುಂದೆ ಹೋದಂತೆ ದಂಡೆಯುದ್ದಕ್ಕೂ ಕಾಂಕ್ರೀಟಿನ ದುಂಡು ಸೈಲೋಗಳು, ಅಂದರೆ ಧಾನ್ಯದ ಕಣಜಗಳು, ಎದ್ದು ನಿಂತವು. ಅಲಂಕಾರ ಅನ್ನುವುದೇ ಇಲ್ಲ. ಆದರೂ ಕಣ್ಣು ಕೀಳಲು ಆಗುವುದಿಲ್ಲ. ಗಾಳಿಯಲ್ಲಿ ಓಟ್ಸ್ ಹುರಿದ ಘಮ. ಜನರಲ್ ಮಿಲ್ಸ್ ಕಂಪನಿ ಇಲ್ಲಿ ಈಗಲೂ ಚೀರಿಯೋಸ್ ಎಂಬ ಓಟ್ಸ್ ತಿಂಡಿ ತಯಾರಿಸುತ್ತದೆ.

ಈ ಊರು ಬೆಳೆದದ್ದೇ ಧಾನ್ಯದಿಂದ. 1825ರಲ್ಲಿ, ಇಲ್ಲಿಂದ ನ್ಯೂಯಾರ್ಕ್ ನಗರದ ಕಡೆಗೆ ಸರಕು ಸಾಗಿಸುವ ಈರಿ ಕಾಲುವೆ ಸಂಚಾರಕ್ಕೆ ತೆರೆಯಿತು. ಪಶ್ಚಿಮದ ಗೋಧಿ ದೊಡ್ಡ ಹಡಗುಗಳಲ್ಲಿ ಸರೋವರ ದಾಟಿ ಬರುತ್ತಿತ್ತು. ಕಾಲುವೆಯ ದೋಣಿಗಳೋ ಚಿಕ್ಕವು. ಹಾಗಾಗಿ ಎಲ್ಲವನ್ನೂ ಇಲ್ಲೇ ಇಳಿಸಿ ಮತ್ತೆ ತುಂಬಬೇಕು. ಆ ಭಾರ ಬೀಳುತ್ತಿದ್ದದ್ದು ಕೂಲಿಗಳ ಬೆನ್ನ ಮೇಲೆ. ಅವರಲ್ಲಿ ಐರಿಶ್ ವಲಸಿಗರೇ ಜಾಸ್ತಿ. 1842ರಲ್ಲಿ ವ್ಯಾಪಾರಿ ಜೋಸೆಫ್ ಡಾರ್ಟ್, ಎಂಜಿನಿಯರ್ ರಾಬರ್ಟ್ ಡನ್‌ಬಾರ್ ಸೇರಿ ಉಗಿಯಂತ್ರದ ಎಲಿವೇಟರ್, ಅಂದರೆ ಕಾಳನ್ನು ಮೇಲೆತ್ತಿ ತುಂಬಿಡುವ ಕಣಜ, ಕಟ್ಟಿದರು. ಬಕೆಟ್ ಕಟ್ಟಿದ ಪಟ್ಟಿಯೊಂದು ಹಡಗಿನ ಹೊಟ್ಟೆಗಿಳಿದು, ಕಾಳು ಮೊಗೆದು ಮೇಲಕ್ಕೆ ಒಯ್ದು ಕಣಜಕ್ಕೆ ಸುರಿಯುತ್ತಿತ್ತು. ಮರದ ಕಣಜಗಳಿಗೆ ಬೆಂಕಿಯ ಭಯ. ಅದಕ್ಕೇ ಮುಂದೆ ಉಕ್ಕು, ಆಮೇಲೆ ಕಾಂಕ್ರೀಟ್ ಬಂತು. ಚಂಡೀಗಢ ರೂಪಿಸಿದ ಲೆ ಕಾರ್ಬೂಸಿಯೆ 1923ರಲ್ಲೇ ಅಮೆರಿಕದ ಇಂಥ ಕಣಜಗಳನ್ನು ಕೊಂಡಾಡಿದ್ದ.

1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆಯಿತು. ಹಡಗುಗಳು ಬಫಲೋದಲ್ಲಿ ನಿಲ್ಲದೆ ನೇರವಾಗಿ ಸಮುದ್ರ ಸೇರತೊಡಗಿದವು. ಕಣಜಗಳು ಒಂದೊಂದಾಗಿ ಖಾಲಿಯಾದವು.

ಪೇಟೆಯೊಳಗೆ ವಾಸ್ತುಶಿಲ್ಪಿಗಳಾದ ಲೂಯಿ ಸಲಿವನ್ ಮತ್ತು ಆಡ್ಲರ್ ರೂಪಿಸಿದ ಗ್ಯಾರಂಟಿ ಕಟ್ಟಡವಿದೆ. 1896ರದು, 13 ಅಂತಸ್ತು, ಮೈತುಂಬ ಟೆರಾಕೋಟಾ ಕುಸುರಿ. ಅದನ್ನು ಉಳಿಸಿಕೊಂಡಿದ್ದಾರೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಲಾರ್ಕಿನ್ ಕಂಪನಿಗೆ ರೂಪಿಸಿದ ಕಚೇರಿಗೆ ಆ ಭಾಗ್ಯವಿರಲಿಲ್ಲ. 1950ರಲ್ಲಿ ಕೆಡವಿದರು. ಈಗ ಅಲ್ಲಿ ಬೇಲಿಯ ಒಂದು ಇಟ್ಟಿಗೆ ಕಂಬ ಮಾತ್ರ ಇದೆ. ಅದರ ಮುಂದೆ ನಿಂತಾಗ ಹೊಟ್ಟೆ ಉರಿಯಿತು.

ನನಗೆ ಅಷ್ಟೇ ಸಂಕಟ ಕೊಟ್ಟದ್ದು ಗ್ರೇಟ್ ನಾರ್ದರ್ನ್ ಎಲಿವೇಟರ್ ಇದ್ದ ಜಾಗ. 1897ರಲ್ಲಿ ಕಟ್ಟಿದ್ದು, ಹೊರಗೆ ಇಟ್ಟಿಗೆ ಗೋಡೆ, ಒಳಗೆ ಉಕ್ಕಿನ ಕಣಜಗಳು. ನಯಾಗರಾದ ವಿದ್ಯುತ್ತಿನಿಂದಲೇ ಅದರ ಯಂತ್ರಗಳು ಓಡುತ್ತಿದ್ದವು. 2021ರ ಡಿಸೆಂಬರ್‌ನ ಬಿರುಗಾಳಿಗೆ ಒಂದು ಬದಿಯ ಗೋಡೆ ಕುಸಿಯಿತು. ಉಳಿಸಬೇಕೆಂದು ಜನ ಕೋರ್ಟಿಗೂ ಹೋದರು, ಉಳಿಯಲಿಲ್ಲ. ಹೆಸರಾಂತ ವಾಸ್ತುಶಿಲ್ಪಿ ರೂಪಿಸಿದ ಕಚೇರಿಗೆ ಮರುಗುವ ನಾವು ಕೂಲಿಗಳು ದುಡಿದ ಕಣಜಕ್ಕೂ ಮರುಗಬೇಕು ಅಲ್ವಾ?

ನದಿ ದಂಡೆಯ ಹಳೆಯ ಕಣಜಗಳ ಗುಂಪಾದ ಸೈಲೋ ಸಿಟಿಯಲ್ಲಿ ಮಾತ್ರ ಕೆಲವಕ್ಕೆ ಮರುಜೀವ ಬಂದಿದೆ. ಅಲ್ಲಿ ಕವಿತೆ ಓದುತ್ತಾರೆ, ನಾಟಕ ಆಡುತ್ತಾರೆ. ಹಳೆಯ ಕಟ್ಟಡವೊಂದು ಅಪಾರ್ಟ್‌ಮೆಂಟ್ ಆಗಿದೆ. ಹೋಗುವುದಾದರೆ ಗೈಡ್ ಇರುವ ಟೂರ್ ಮೊದಲೇ ಬುಕ್ ಮಾಡಿಕೊಳ್ಳಿ. ಸೈಲೋ ಒಳಗೆ ನಿಂತು ಒಂದು ಹಾಡನ್ನೂ ಹೇಳಿ ನೋಡಿ, ದನಿ ತುಂಬ ಹೊತ್ತು ಸುತ್ತುತ್ತದೆ.